ಶ್ರುತಿ ಇಳಿಯುತ್ತಿದೆ, ಗುಂಪು ಒಡೆದಿದೆ, ಕಾರ್ಯಕ್ರಮಕ್ಕೆ ಮೂರೇ ವಾರ

ಪ್ರಶ್ನೆ: ನಾನು ವಿಶ್ವವಿದ್ಯಾಲಯದ ಕಾಯರ್‌ನ (ಮೇಳಗಾಯನ ತಂಡದ) ವಿದ್ಯಾರ್ಥಿ ಸಂಚಾಲಕಿ. ಒಟ್ಟು 40 ಮಂದಿ ಇದ್ದೇವೆ. ಕಾರ್ಯಕ್ರಮಕ್ಕೆ ಮೂರು ವಾರವಿದೆ. ವಾದ್ಯವಿಲ್ಲದೆ ಹಾಡುವ ಒಂದು ಹಾಡು ಪ್ರತಿ ಸಲವೂ ಮುಗಿಯುವ ಹೊತ್ತಿಗೆ ಅರ್ಧ ಸ್ವರ ಕೆಳಗಿಳಿದಿರುತ್ತದೆ. ಅದಕ್ಕೆ ಎತ್ತರದ ಹೆಣ್ಣುದನಿಯ ಸೊಪ್ರಾನೊದವರು ತಗ್ಗಿನ ಗಂಡುದನಿಯ ಬೇಸ್‌ನವರನ್ನು ದೂರುತ್ತಾರೆ, ಬೇಸ್‌ನವರು ಸೊಪ್ರಾನೊದವರನ್ನು. ಈ ವರ್ಷ ಸೇರಿದ 15 ಮಂದಿ ಹಿಂದಿನ ಸಾಲಿನ ಮೂಲೆಯಲ್ಲೇ ಉಳಿದುಬಿಟ್ಟಿದ್ದಾರೆ. ಬಿಡುವಿನಲ್ಲೂ ಹಳಬರ ಜೊತೆ ಮಾತಿಲ್ಲ. ಎರಡು ದಿನ ಎಲ್ಲರೂ ಹೊರಗೆ ಹೋಗಿ ಒಟ್ಟಿಗಿದ್ದು ಬರೋಣ ಎಂದು ಕೆಲವರು, ಅಷ್ಟು ಹೊತ್ತು ಹಾಡನ್ನೇ ತಿದ್ದಿಕೊಳ್ಳೋಣ ಎಂದು ಉಳಿದವರು. ಯಾವುದು ಸರಿ? ಇನ್ನೊಂದು ಮಾತು: ಹೊಸಬರಲ್ಲಿ ಒಬ್ಬಳು ಬಾಯಿ ಆಡಿಸುತ್ತಾಳೆ, ದನಿ ಹೊರಡಿಸುವುದಿಲ್ಲ. ಅವಳನ್ನು ಈ ಕಾರ್ಯಕ್ರಮದಿಂದ ಬಿಡಬೇಕೇ?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ತೊಂದರೆಗಳಿವೆ: ಹಾಡು ಇಳಿಯುತ್ತಿದೆ, ಜನ ಬೆರೆಯುತ್ತಿಲ್ಲ. ವಿದ್ಯಾರ್ಥಿ ಕಾಯರ್‌ಗಳ ಜೊತೆ ಬಹಳ ವರ್ಷ ಕೆಲಸ ಮಾಡಿದ ನನಗೆ ಇವೆರಡೂ ಒಂದೇ ತೊಂದರೆಯಾಗಿ ಕಾಣುತ್ತಿವೆ. ನಿಮ್ಮ 40 ಮಂದಿ ಒಬ್ಬರನ್ನೊಬ್ಬರು ಕೇಳಿಸಿಕೊಳ್ಳುತ್ತಿಲ್ಲ. ಹಾಡುವಾಗಲೂ ಇಲ್ಲ, ಹಾಡು ನಿಂತ ಮೇಲೂ ಇಲ್ಲ. ಆದ್ದರಿಂದ ಅಭ್ಯಾಸವೋ ಒಡನಾಟವೋ ಎಂದು ಆರಿಸಬೇಕಾದ ಅಗತ್ಯವೇ ಇಲ್ಲ. ಅಭ್ಯಾಸ ನಡೆಸುವ ರೀತಿಯನ್ನು ಬದಲಿಸಿದರೆ ಎರಡೂ ಒಟ್ಟಿಗೆ ಸರಿಹೋಗುತ್ತವೆ, ಮೂರು ವಾರ ಅದಕ್ಕೆ ಸಾಕು.

ಮೊದಲು ಶ್ರುತಿಯ ವಿಷಯ. ಇಲ್ಲಿ ತಪ್ಪಿತಸ್ಥರನ್ನು ಹುಡುಕುವುದು ಏಕೆ ವ್ಯರ್ಥ ಎಂಬುದು ಎಲ್ಲರಿಗೂ ಗೊತ್ತಾಗಬೇಕು. ತಂಬೂರಿಯನ್ನು ಚೆನ್ನಾಗಿ ಶ್ರುತಿ ಮಾಡಿ ಮೀಟಿದಾಗ ಷಡ್ಜ ಪಂಚಮಗಳ ನಡುವಿನಿಂದ ಯಾರೂ ಮೀಟದ ಅಂತರ ಗಾಂಧಾರ ತಾನಾಗಿ ಕೇಳಿಬರುತ್ತದಲ್ಲ, ಅದೇ ಕಿವಿಗೆ ನೆಮ್ಮದಿ ಕೊಡುವ ಗಾಂಧಾರ. ಪಿಯಾನೊದ ಗಾಂಧಾರ ಅದಲ್ಲ. ಅರ್ಧ ಸ್ವರವನ್ನು ನೂರು ಭಾಗ ಮಾಡಿದರೆ, ತಂಬೂರಿಯ ಗಾಂಧಾರ ಪಿಯಾನೊದ್ದಕ್ಕಿಂತ ಸುಮಾರು 14 ಭಾಗ ಕೆಳಗಿರುತ್ತದೆ. ವಾದ್ಯವಿಲ್ಲದೆ ಹಾಡುವ ಕಾಯರ್ ಒಂದು ಕಾರ್ಡ್‌ನಲ್ಲಿ, ಅಂದರೆ ಹಲವು ಸ್ವರ ಒಟ್ಟಿಗೆ ಮೊಳಗುವ ಸ್ವರಗುಚ್ಛದಲ್ಲಿ, ನಿಂತಾಗ ಕಿವಿ ತಾನಾಗಿ ಆ ಸಹಜ ಗಾಂಧಾರದ ಕಡೆಗೇ ಜಾರುತ್ತದೆ. ಜಾರಬೇಕಾದದ್ದೂ ಸರಿಯೇ. ಆದರೆ ಮುಂದಿನ ಕಾರ್ಡ್‌ನಲ್ಲಿ ಅದೇ ಸ್ವರ ಷಡ್ಜವೋ ಪಂಚಮವೋ ಆಗಿಬಿಟ್ಟರೆ, ಉಳಿದ ಮೂರು ದನಿಗಳು ಅದನ್ನೇ ನೆಲೆಯೆಂದು ಹಿಡಿಯುತ್ತವೆ. ಆಗ ಇಡೀ ಮನೆಯೇ ಒಂದು ಎಳೆಯಷ್ಟು ಕೆಳಗೆ ಕೂರುತ್ತದೆ. ಹೀಗೆ ನಾಲ್ಕೈದು ಸಲ ಆದರೆ ಯಾರೂ ತಪ್ಪು ಹಾಡದೆಯೇ ಹಾಡು ಕೆಳಗಿಳಿದಿರುತ್ತದೆ.

ಇದರ ಜೊತೆಗೆ ಸಣ್ಣಪುಟ್ಟ ಕಾರಣಗಳೂ ಸೇರುತ್ತವೆ. ಇಳಿಯುವ ಸ್ವರಗಳಲ್ಲಿ ಹೆಜ್ಜೆ ಅಗತ್ಯಕ್ಕಿಂತ ದೊಡ್ಡದಾಗುತ್ತದೆ, ಏರುವಾಗ ಚಿಕ್ಕದಾಗುತ್ತದೆ. ಒಂದೇ ಸ್ವರವನ್ನು ಆರೇಳು ಸಲ ಹೇಳಬೇಕಾದಲ್ಲಿ ಅದು ಮೆಲ್ಲಗೆ ಕುಸಿಯುತ್ತದೆ. ಮೆದುವಾಗಿ ಹಾಡುವಲ್ಲಿ ಉಸಿರಿನ ಒತ್ತಾಸೆ ಸಡಿಲವಾಗುತ್ತದೆ. ಇವನ್ನು ತಿದ್ದಲು ಒಂದು ಹಳೆಯ ಉಪಾಯವಿದೆ: ಆ ಹಾಡನ್ನು ಒಂದು ದಿನ ಅರ್ಧ ಸ್ವರ ಮೇಲಿನಿಂದ, ಇನ್ನೊಂದು ದಿನ ಅರ್ಧ ಸ್ವರ ಕೆಳಗಿನಿಂದ ಆರಂಭಿಸಿ. ಕೊರಳು ಅಭ್ಯಾಸಬಲದಿಂದ ಹೋಗುತ್ತಿದ್ದ ದಾರಿ ತಪ್ಪಿದಾಗ ಕಿವಿ ಎಚ್ಚರಗೊಳ್ಳುತ್ತದೆ. ಕೆಲವು ಹಾಡುಗಳು ಮೇಲಿನ ಆ ನೆಲೆಯಲ್ಲಿ ಅಲುಗಾಡದೆ ನಿಂತುಬಿಡುವುದನ್ನು ನಾನು ಎಷ್ಟೋ ಸಲ ಕಂಡಿದ್ದೇನೆ. ನಿಮ್ಮ ನಿರ್ದೇಶಕರು ಒಪ್ಪಿದರೆ ಕಾರ್ಯಕ್ರಮದಲ್ಲೂ ಅಲ್ಲಿಂದಲೇ ಹಾಡಬಹುದು.

ಹಾಗಾದರೆ ಕೇಳಿಸಿಕೊಳ್ಳಲು ಅಡ್ಡಿಯಾಗಿರುವುದು ಏನು? ಬಹುಮಟ್ಟಿಗೆ ನೀವು ನಿಲ್ಲುವ ರೀತಿ. ಸ್ವೀಡನ್ನಿನ ಧ್ವನಿವಿಜ್ಞಾನಿ ಸ್ಟೆನ್ ಟರ್ನ್‌ಸ್ಟ್ರೋಮ್ ಕಾಯರ್ ಗಾಯಕರಿಗೆ ತಮ್ಮ ದನಿ ಉಳಿದವರ ದನಿಗಿಂತ ಎಷ್ಟು ಜೋರಾಗಿ ಕೇಳಿದರೆ ಹಿತ ಎಂದು ಅಳೆದು ನೋಡಿದರು. ಸರಾಸರಿ ಉತ್ತರ ಸುಮಾರು 6 ಡೆಸಿಬಲ್. ಅದಕ್ಕಿಂತ ಕಡಿಮೆಯಾದರೆ ನಾನು ಎಲ್ಲಿದ್ದೇನೆ ಎಂದೇ ತಿಳಿಯುವುದಿಲ್ಲ, ಹೆಚ್ಚಾದರೆ ಪಕ್ಕದವರು ಎಲ್ಲಿದ್ದಾರೆ ಎಂದು ತಿಳಿಯುವುದಿಲ್ಲ. ಭುಜಕ್ಕೆ ಭುಜ ತಾಗಿಸಿ ನಿಂತ ಸಾಲಿನಲ್ಲಿ ಪಕ್ಕದ ದನಿ ಕಿವಿಗೆ ಅಪ್ಪಳಿಸುತ್ತದೆ, ತನ್ನ ದನಿ ಮುಳುಗುತ್ತದೆ. ಆಗ ಗಾಯಕ ಗೊತ್ತಿಲ್ಲದೆಯೇ ದನಿ ಏರಿಸುತ್ತಾನೆ. ಗದ್ದಲದಲ್ಲಿ ಮನುಷ್ಯರ ದನಿ ತಾನಾಗಿ ಏರುವುದನ್ನು ಇಪ್ಪತ್ತನೆಯ ಶತಮಾನದ ಆರಂಭದಲ್ಲೇ ಎತಿಯೆನ್ ಲೊಂಬಾರ್ ಎಂಬ ಫ್ರೆಂಚ್ ವೈದ್ಯರು ಗುರುತಿಸಿದ್ದರು. ಅದಕ್ಕೆ ಅವರ ಹೆಸರೇ ಉಳಿದಿದೆ. ಒಬ್ಬ ಏರಿಸಿದರೆ ಪಕ್ಕದವನೂ ಏರಿಸುತ್ತಾನೆ. ಕೊನೆಗೆ ಎಲ್ಲರೂ ತಮ್ಮ ದನಿಯನ್ನಷ್ಟೇ ಹುಡುಕುತ್ತಿರುತ್ತಾರೆ. ಅಮೆರಿಕದ ಸಂಗೀತ ಶಿಕ್ಷಕ ಜೇಮ್ಸ್ ಡಾಹರ್ಟಿ ಗಾಯಕರ ನಡುವಿನ ಅಂತರವನ್ನೇ ಬದಲಿಸುತ್ತಾ ಪ್ರಯೋಗ ಮಾಡಿದಾಗ, ಗಾಯಕರು ಬಿಡಿಬಿಡಿಯಾಗಿ ನಿಲ್ಲುವುದನ್ನೇ ಹೆಚ್ಚು ಮೆಚ್ಚಿದರು. ನೀವೂ ಮುಂದಿನ ಅಭ್ಯಾಸದಲ್ಲಿ ಪ್ರತಿಯೊಬ್ಬರ ಸುತ್ತ ಒಂದು ಮೊಳ ಜಾಗ ಬಿಡಿಸಿ ನೋಡಿ. ಖರ್ಚಿಲ್ಲ, ಐದು ನಿಮಿಷದ ಕೆಲಸ.

ಮುಂದಿನದು ನನ್ನ ಮುಖ್ಯ ಸಲಹೆ. ಈ ವಾರದ ಒಂದು ಅಭ್ಯಾಸವನ್ನು ಪೂರ್ತಿ ಇದಕ್ಕೇ ಮೀಸಲಿಡಿ. ಕುರ್ಚಿಗಳನ್ನೆಲ್ಲ ಗೋಡೆಗೆ ಸರಿಸಿ, ಎಲ್ಲರೂ ಒಂದೇ ವೃತ್ತದಲ್ಲಿ ಮುಖಾಮುಖಿಯಾಗಿ ನಿಲ್ಲಿ. ಯಾರ ಪಕ್ಕದಲ್ಲೂ ಅವರದೇ ಭಾಗದವರು ಇರಕೂಡದು: ಸೊಪ್ರಾನೊ ಪಕ್ಕ ಬೇಸ್, ಬೇಸ್ ಪಕ್ಕ ಆಲ್ಟೊ (ತಗ್ಗಿನ ಹೆಣ್ಣುದನಿ), ಆಲ್ಟೊ ಪಕ್ಕ ಟೆನರ್ (ಎತ್ತರದ ಗಂಡುದನಿ). ಹೊಸಬರ ಎರಡೂ ಕಡೆ ಹಳಬರಿರಲಿ. ಮೊದಲ ಸಲ ಹಾಡು ಖಂಡಿತ ಕೆಡುತ್ತದೆ. ಅದುವರೆಗೆ ಪಕ್ಕದವರನ್ನು ಆತುಕೊಂಡು ಹಾಡುತ್ತಿದ್ದವರೆಲ್ಲ ಒಮ್ಮೆಲೇ ಒಂಟಿಯಾಗುತ್ತಾರೆ. ಹೆದರಿ ಹಳೆಯ ಸಾಲಿಗೆ ಮರಳಬೇಡಿ. ಎರಡನೆಯ ಸಲ ಮಾತು ಬಿಟ್ಟು ಬರೀ ಮೂಗುದನಿಯಲ್ಲಿ ಹಾಡಿಸಿ. ಬಾಯಿ ಮುಚ್ಚಿದಾಗ ದನಿ ಸಣ್ಣದಾಗುತ್ತದೆ, ಕಿವಿ ದೊಡ್ಡದಾಗುತ್ತದೆ. ಮೂರನೆಯ ಸಲ, ಹಾಡು ಇಳಿಯತೊಡಗುವ ಜಾಗಕ್ಕೆ ಸ್ವಲ್ಪ ಮುಂಚಿನ ಒಂದು ಕಾರ್ಡ್‌ನಲ್ಲಿ ನಿಲ್ಲಿಸಿ, ಅದನ್ನೇ ಹಿಡಿದುಕೊಂಡಿರಲು ಹೇಳಿ. ಗಾಂಧಾರ ಯಾರ ಬಳಿ ಇದೆ ಎಂದು ಕೇಳಿ. ಬಹಳಷ್ಟು ಕಾಯರ್‌ಗಳಲ್ಲಿ ಈ ಪ್ರಶ್ನೆಗೆ ಉತ್ತರ ಗೊತ್ತಿರುವುದು ನಿರ್ದೇಶಕರಿಗೆ ಮಾತ್ರ. ಗಾಂಧಾರ ಹಿಡಿದವರು ಕೈಯೆತ್ತಲಿ. ಅವರು ಸುಮ್ಮನಾಗಲಿ, ಉಳಿದವರು ಷಡ್ಜ ಪಂಚಮಗಳನ್ನು ಹಿಡಿದಿರಲಿ, ನಂತರ ಗಾಂಧಾರದವರು ಮೆಲ್ಲಗೆ ಒಳಗೆ ಬರಲಿ. ಅದು ಸರಿಯಾಗಿ ಕೂತ ಕ್ಷಣ ಇಡೀ ಕೋಣೆ ಗುಂಯ್ ಎನ್ನುತ್ತದೆ. ಆ ಗುಂಯ್ ಕೇಳಿದ ಗಾಯಕರ ಮುಖ ನೋಡಬೇಕು ನೀವು. ಎದುರು ನಿಂತ ಅಪರಿಚಿತ ಬೇಸ್‌ನ ಹುಡುಗನಿಗೂ ಈ ಬದಿಯ ಆಲ್ಟೊ ಹುಡುಗಿಗೂ ಆ ಕ್ಷಣದಲ್ಲಿ ತಾವಿಬ್ಬರೂ ಸೇರಿ ಏನೋ ಮಾಡಿದೆವೆಂದು ಗೊತ್ತಾಗುತ್ತದೆ. ಪರಿಚಯದ ಆಟಗಳಿಂದ ಇದು ಸಿಗುವುದಿಲ್ಲ.

ಅದೇ ಅಭ್ಯಾಸದ ಕೊನೆಯ ಅರ್ಧ ಗಂಟೆಯಲ್ಲಿ ನಾಲ್ಕು ನಾಲ್ಕು ಮಂದಿಯ ಹತ್ತು ತಂಡ ಮಾಡಿ, ಪ್ರತಿ ತಂಡದಲ್ಲೂ ನಾಲ್ಕು ಭಾಗಕ್ಕೆ ಒಬ್ಬೊಬ್ಬರಂತೆ. ಟೆನರ್‌ಗಳು ಕಡಿಮೆಯಿದ್ದರೆ, ಸಾಮಾನ್ಯವಾಗಿ ಕಡಿಮೆಯೇ ಇರುತ್ತಾರೆ, ಒಬ್ಬನೇ ಎರಡು ತಂಡಕ್ಕೆ ಓಡಾಡಲಿ. ಪ್ರತಿ ತಂಡವೂ ಬೇರೆ ಬೇರೆ ಮೂಲೆಗೆ ಹೋಗಿ ಹಾಡಿನ ಎಂಟು ಸಾಲನ್ನು ತಾವೇ ತಿದ್ದಿಕೊಂಡು ಬರಲಿ. ಬಂದು ಎಲ್ಲರೆದುರು ಹಾಡಿ ತೋರಿಸಬೇಕೆಂಬ ಕಟ್ಟುಪಾಡು ಬೇಡ, ಅದು ಪರೀಕ್ಷೆಯಾಗಿಬಿಡುತ್ತದೆ. ನಾಲ್ವರೇ ಇರುವಾಗ ಯಾರೂ ಅಡಗಿಕೊಳ್ಳಲಾಗುವುದಿಲ್ಲ, ಯಾರನ್ನೂ ಕಡೆಗಣಿಸಲೂ ಆಗುವುದಿಲ್ಲ. ಮೂರನೆಯ ವರ್ಷದ ಹಳಬನಿಗೆ ತನ್ನ ಸ್ವರ ಹಿಡಿಯಲು ಮೊದಲ ವರ್ಷದ ಹುಡುಗಿಯ ಸ್ವರ ಬೇಕೇ ಬೇಕು.

ಉಸಿರಿನ ವಿಷಯವನ್ನು ಹೆಚ್ಚಿನವರು ತಾಂತ್ರಿಕ ಸಂಗತಿ ಎಂದುಕೊಳ್ಳುತ್ತಾರೆ. ನನ್ನ ಮಟ್ಟಿಗೆ ಕಾಯರ್‌ನ ಒಡನಾಟವೆಲ್ಲ ಅಲ್ಲೇ ಇದೆ. ಒಬ್ಬರ ಉಸಿರಿಗೆ ನಿಲುಕದಷ್ಟು ಉದ್ದದ ಸಾಲುಗಳನ್ನು ಕಾಯರ್ ಹಾಡುವುದು ಸರದಿಯ ಉಸಿರಿನಿಂದ. ನನ್ನ ಉಸಿರು ಮುಗಿಯುವ ಮುಂಚೆ ನಾನು ಮೆಲ್ಲಗೆ ಹೊರಬಂದು, ಉಸಿರೆಳೆದುಕೊಂಡು, ಸದ್ದಿಲ್ಲದೆ ಮತ್ತೆ ಸೇರುತ್ತೇನೆ. ಅಷ್ಟು ಹೊತ್ತು ನನ್ನ ಪಾಲಿನ ಸ್ವರವನ್ನು ಪಕ್ಕದವಳು ಹೊತ್ತಿರುತ್ತಾಳೆ. ಅವಳು ಉಸಿರೆಳೆಯುವಾಗ ನಾನು ಹೊರುತ್ತೇನೆ. ಕೇಳುವವರಿಗೆ ಸಾಲು ಎಲ್ಲೂ ಕಡಿಯುವುದಿಲ್ಲ. ಇದು ಸರಿಯಾಗಬೇಕಾದರೆ ಪಕ್ಕದವಳು ಎಲ್ಲಿ ಉಸಿರೆಳೆಯುತ್ತಾಳೆ ಎಂಬುದು ನನಗೆ ಗೊತ್ತಿರಬೇಕು. ಹಾಗಾಗಿ ಹಾಳೆಯಲ್ಲಿ ಪ್ರತಿಯೊಬ್ಬರೂ ತಮ್ಮ ಉಸಿರಿನ ಜಾಗದ ಜೊತೆಗೆ ಎಡಬಲದವರ ಉಸಿರಿನ ಜಾಗವನ್ನೂ ಪೆನ್ಸಿಲ್‌ನಲ್ಲಿ ಗುರುತಿಸಿಕೊಳ್ಳಲಿ. ಅದಕ್ಕೆ ಮಾತಾಡಲೇಬೇಕಾಗುತ್ತದೆ. ‘ನೀನು ಎಲ್ಲಿ ಉಸಿರೆಳೆಯುತ್ತೀ?’ ಎಂದು ಒಬ್ಬರನ್ನು ಕೇಳುವುದಕ್ಕಿಂತ ಹತ್ತಿರದ ಪ್ರಶ್ನೆ ಕಾಯರ್‌ನಲ್ಲಿ ಇನ್ನೊಂದಿಲ್ಲ. ಸ್ವೀಡನ್ನಿನ ಯೊಥೆಬೊರ್ಗ್‌ನಲ್ಲಿ ಬಿಯೋರ್ನ್ ವಿಕ್‌ಹೋಫ್ ಮತ್ತು ಸಂಗಡಿಗರು 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಒಟ್ಟಿಗೆ ಹಾಡುವವರ ಎದೆಬಡಿತದ ಏರಿಳಿತಗಳು ಒಂದಕ್ಕೊಂದು ಹೊಂದಿಕೊಳ್ಳುವುದು ಕಂಡುಬಂದಿತ್ತು. ಕಾರಣ ಉಸಿರೇ. ಹಾಡಿನ ಸಾಲು ಉಸಿರನ್ನು ಕಟ್ಟುತ್ತದೆ, ಉಸಿರು ಎದೆಬಡಿತವನ್ನು ಎಳೆದುಕೊಂಡು ಹೋಗುತ್ತದೆ. ಅಭ್ಯಾಸವನ್ನು ಆರಂಭಿಸುವಾಗ ಎಲ್ಲರೂ ಸೇರಿ ಎರಡು ನಿಮಿಷ ನಿಧಾನವಾಗಿ ಉಸಿರೆಳೆದು, ಒಂದೇ ಸ್ವರದಲ್ಲಿ ಉದ್ದವಾಗಿ ಬಿಡಿ.

ಇನ್ನು ಹೊರಗೆ ಹೋಗುವ ಎರಡು ದಿನ. ಒಟ್ಟಿಗೆ ಹಾಡುವುದು ಜನರನ್ನು ಬೇಗ ಹತ್ತಿರ ತರುತ್ತದೆ ಎಂಬುದಕ್ಕೆ ಒಳ್ಳೆಯ ಆಧಾರವಿದೆ. ಆಕ್ಸ್‌ಫರ್ಡ್‌ನ ಐಲುನೆಡ್ ಪಿಯರ್ಸ್, ರಾಬಿನ್ ಡನ್‌ಬಾರ್ ಮೊದಲಾದವರು ವಯಸ್ಕರ ತರಗತಿಗಳನ್ನು ಏಳು ತಿಂಗಳು ಗಮನಿಸಿ 2015ರಲ್ಲಿ ವರದಿ ಮಾಡಿದರು. ಕೆಲವು ಹಾಡಿನ ತರಗತಿಗಳು, ಉಳಿದವು ಕರಕುಶಲ ಮತ್ತು ಬರವಣಿಗೆಯವು. ಹಾಡಿದವರು ಬಲು ಬೇಗ ಹತ್ತಿರವಾದರು. ಏಳು ತಿಂಗಳ ಕೊನೆಗೆ ಉಳಿದ ತರಗತಿಯವರೂ ಅಷ್ಟೇ ಹತ್ತಿರವಾಗಿದ್ದರು. ಹಾಡು ಕೊಡುವುದು ವೇಗವನ್ನು. ನಿಮಗೆ ಇರುವುದು ಏಳು ತಿಂಗಳಲ್ಲ, ಮೂರು ವಾರ. ಹಾಗಾಗಿ ಆ ವೇಗವೇ ನಿಮಗೆ ಬೇಕಾದದ್ದು. ಮರುವರ್ಷ ಲಂಡನ್ನಿನ ಕಾಯರ್ ಒಂದರ ಮೇಲೆ ನಡೆದ ಇನ್ನೊಂದು ಅಧ್ಯಯನದಲ್ಲಿ, 20ರಿಂದ 80 ಮಂದಿಯ ಚಿಕ್ಕ ತಂಡಗಳನ್ನೂ ಅವೆಲ್ಲ ಕಲೆತ 232 ಮಂದಿಯ ದೊಡ್ಡ ತಂಡವನ್ನೂ ಹೋಲಿಸಿದರು. ಪರಸ್ಪರ ಅಷ್ಟಾಗಿ ಗೊತ್ತಿಲ್ಲದವರೇ ತುಂಬಿದ್ದ ದೊಡ್ಡ ತಂಡದಲ್ಲಿ ಒಂದು ಅಭ್ಯಾಸದ ಅವಧಿಯಲ್ಲಿ ಹತ್ತಿರವಾದ ಭಾವನೆ ಹೆಚ್ಚು ಏರಿತ್ತು. ನಿಮ್ಮ ಹೊಸಬರು ಅಪರಿಚಿತರು ಎಂಬುದು ತಡೆಯಲ್ಲ ಎಂಬ ಧೈರ್ಯ ಇದರಿಂದ ಬರುತ್ತದೆ.

ಆದ್ದರಿಂದ ಹೋಗಿ ಬನ್ನಿ, ಆದರೆ ಹಾಡಲು ಹೋಗಿ. ಅದು ಕಾರ್ಯಕ್ರಮಕ್ಕೆ ಎರಡು ವಾರ ಮುಂಚಿನ ವಾರಾಂತ್ಯವಾಗಿರಲಿ. ಕೊನೆಯ ವಾರಾಂತ್ಯ ಖಂಡಿತ ಬೇಡ. ದಿನಕ್ಕೆ ಒಂದೂವರೆ ಗಂಟೆಯ ಎರಡು ಅಭ್ಯಾಸ ಸಾಕು, ನಡುವೆ ಧಾರಾಳ ಬಿಡುವು. ಕೊರಳು ದಣಿದ ಮೇಲೆ ಕಲಿತದ್ದು ತಪ್ಪಾಗಿಯೇ ಕೂರುತ್ತದೆ. ರಾತ್ರಿ ಎಲ್ಲರೂ ಸೇರಿ ಕಿರುಚಿ ಹಾಡುವುದು, ಗದ್ದಲದ ನಡುವೆ ಗಂಟೆಗಟ್ಟಲೆ ಜೋರಾಗಿ ಮಾತಾಡುವುದು, ಇವೇ ಮರುದಿನದ ಒಡಕು ದನಿಗೆ ಕಾರಣ. ವೃತ್ತದಲ್ಲಿ ಕೂರಿಸಿ ಮನದ ಗುಟ್ಟು ಹೇಳಿಸುವ ಆಟಗಳು ನನಗೆ ಇಷ್ಟವಿಲ್ಲ. ನಾಚಿಕೆಯ ಸ್ವಭಾವದವರು ಅಲ್ಲಿಂದ ಇನ್ನಷ್ಟು ಮುದುಡಿಕೊಂಡು ಬರುತ್ತಾರೆ. ಅದರ ಬದಲು ಹೊಸಬ ಹಳಬ ಸೇರಿದ ಜೋಡಿಗಳಿಗೆ ನಿಜವಾದ ಕೆಲಸ ಕೊಡಿ: ಒಂದು ಜೋಡಿ ಹಾಳೆಗಳನ್ನು ಜೋಡಿಸಲಿ, ಒಂದು ಜೋಡಿ ಧ್ವನಿಮುದ್ರಣ ನೋಡಿಕೊಳ್ಳಲಿ, ಒಂದು ಜೋಡಿ ಕೋಣೆಯ ಹಿಂಬದಿಗೆ ಹೋಗಿ ಕೇಳಿ ‘ಟೆನರ್ ಮಾತು ತಿಳಿಯುತ್ತಿಲ್ಲ’ ಎಂದು ಬಂದು ಹೇಳಲಿ. ಹೊಸಬರ ಕಿವಿಯನ್ನೂ ಗುಂಪು ನಂಬುತ್ತದೆ ಎಂದು ಅವರಿಗೆ ಗೊತ್ತಾಗುವುದು ಹೀಗೆ.

ದೂರುವ ಚಾಳಿಯನ್ನು ಮಾತ್ರ ಇವತ್ತೇ ನಿಲ್ಲಿಸಬೇಕು. ನಾನು ಈ ಕೆಲಸಕ್ಕೆ ಹೊಸಬನಾಗಿದ್ದಾಗ ಒಂದು ಸಂಜೆ ಹಾಡನ್ನು ಮತ್ತೆ ಮತ್ತೆ ನಿಲ್ಲಿಸಿ, ತಪ್ಪಿದವರನ್ನು ಹೆಸರು ಹಿಡಿದು ಕರೆದು ತಿದ್ದಿದೆ. ಮುಂದಿನ ಅಭ್ಯಾಸದಲ್ಲಿ ತಪ್ಪುಗಳು ಕಡಿಮೆಯಾಗಿದ್ದವು, ದನಿಯೂ ಕಡಿಮೆಯಾಗಿತ್ತು. ತಪ್ಪಲು ಹೆದರಿದವರು ಹಾಡುವುದನ್ನೇ ಕಡಿಮೆ ಮಾಡಿದ್ದರು. ಅದು ನನ್ನ ತಪ್ಪು, ಆ ಮಕ್ಕಳ ತಪ್ಪಲ್ಲ. ಆಮೇಲೆ ಬೇರೆ ಕಾಯರ್‌ಗಳಲ್ಲಿ ನೋಡಿ ಕಲಿತ ಪದ್ಧತಿಯೊಂದನ್ನು ಇವತ್ತಿಗೂ ಬಿಟ್ಟಿಲ್ಲ: ಹಾಡುತ್ತಿರುವಾಗ ತನ್ನ ತಪ್ಪು ತನಗೇ ಗೊತ್ತಾದರೆ ಗಾಯಕ ಒಂದು ಕ್ಷಣ ಕೈಯೆತ್ತುತ್ತಾನೆ, ಹಾಡು ನಿಲ್ಲುವುದಿಲ್ಲ. ‘ಗೊತ್ತಾಯಿತು, ನಾನೇ ಸರಿಪಡಿಸಿಕೊಳ್ಳುತ್ತೇನೆ’ ಎಂದು ಅದರ ಅರ್ಥ. ನಿರ್ದೇಶಕರು ಹಾಡು ನಿಲ್ಲಿಸಬೇಕಾದ ಅಗತ್ಯ ಬೀಳುವುದಿಲ್ಲ. ಇದನ್ನು ಮೊದಲು ಹಳಬರು ಮಾಡಬೇಕು, ಅದೂ ಎಲ್ಲರಿಗೂ ಕಾಣುವಂತೆ. ಮೂರು ವರ್ಷದಿಂದ ಹಾಡುತ್ತಿರುವವಳ ಕೈ ಮೇಲೇಳುವುದನ್ನು ನೋಡಿದ ಹೊಸಬನಿಗೆ ಉಸಿರು ಸಡಿಲವಾಗುತ್ತದೆ.

ಕೊನೆಯ ವಾರದ ಬಗ್ಗೆ ಕೆಲವೇ ಮಾತು. ಹೊಸದೇನನ್ನೂ ಸೇರಿಸಬೇಡಿ. ಹಿಂದಿನ ದಿನದ ಅಭ್ಯಾಸ ಚಿಕ್ಕದಿರಲಿ, ಎತ್ತರದ ಸ್ವರಗಳನ್ನು ಅರ್ಧ ದನಿಯಲ್ಲೋ ಒಂದು ಸ್ಥಾಯಿ ಕೆಳಗೋ ಹಾಡಿ ಉಳಿಸಿಕೊಳ್ಳಿ. ಕುಡಿದ ನೀರು ಧ್ವನಿತಂತುಗಳಿಗೆ ನೇರವಾಗಿ ತಾಗುವುದಿಲ್ಲ, ಮೈಗೆ ಹತ್ತಿ ಅಲ್ಲಿಗೆ ಸೇರಲು ಹೊತ್ತು ಬೇಕು. ವೇದಿಕೆಯ ಪಕ್ಕದಲ್ಲಿ ಗಟಗಟ ಕುಡಿಯುವುದಕ್ಕಿಂತ ಬೆಳಗಿನಿಂದಲೇ ಕುಡಿಯುತ್ತಿರುವುದು ಮೇಲು. ತೆಳು ಸ್ಟ್ರಾದೊಳಗೆ ಮೂಗುದನಿಯಂತೆ ಸ್ವರ ಊದುವ ಅಭ್ಯಾಸ ಕೊರಳನ್ನು ದಣಿಸದೆ ಬಿಸಿ ಮಾಡುತ್ತದೆ. ಮೆಟ್ಟಿಲು ಹಲಗೆಯ ಮೇಲೆ ಮೊಣಕಾಲು ಬಿಗಿಹಿಡಿದು ನಿಲ್ಲಬೇಡಿ. ರಕ್ತ ಕಾಲುಗಳಲ್ಲೇ ನಿಂತು ತಲೆಸುತ್ತಿ ಬೀಳುವವರು ಪ್ರತಿ ವರ್ಷ ಎಲ್ಲಾದರೂ ಇದ್ದೇ ಇರುತ್ತಾರೆ.

ಸಭಾಂಗಣದಲ್ಲಿ ಒಮ್ಮೆಯಾದರೂ ಅಭ್ಯಾಸ ಸಿಗುವಂತೆ ಮಾಡಿಕೊಳ್ಳಿ. ಎರಡು ಸಂಗತಿ ಅಲ್ಲಿ ಬದಲಾಗುತ್ತವೆ. ಒಂದು, ಖಾಲಿ ಸಭಾಂಗಣದಲ್ಲಿ ಕೇಳುವ ಸುಖದ ಅನುರಣನ ಕಾರ್ಯಕ್ರಮದ ದಿನ ಇರುವುದಿಲ್ಲ. ಜನರ ಮೈ, ಬಟ್ಟೆ ಎಲ್ಲ ಸದ್ದನ್ನು ಹೀರುತ್ತವೆ. ಹಾರ್ವರ್ಡ್‌ನ ವಾಲೇಸ್ ಸಬೈನ್ 1890ರ ದಶಕದಲ್ಲಿ ಕುರ್ಚಿಯ ಮೆತ್ತೆಗಳನ್ನು ಹೊರಿಸಿ ತರಿಸಿ ಇದನ್ನೇ ಅಳೆದರು. ಅವತ್ತು ದನಿ ಸತ್ತಂತೆ ಅನಿಸಿದಾಗ ಯಾರೂ ಗಾಬರಿಯಿಂದ ಒತ್ತಿ ಹಾಡಬಾರದು ಎಂದು ಮೊದಲೇ ಹೇಳಿಡಿ. ಇನ್ನೊಂದು ದೂರ. ಸದ್ದು ಸೆಕೆಂಡಿಗೆ ಸುಮಾರು 343 ಮೀಟರ್ ಓಡುತ್ತದೆ. ಸಾಲಿನ ಆ ತುದಿ ನಿಮ್ಮಿಂದ 10 ಮೀಟರ್ ಆಚೆಯಿದ್ದರೆ ಅವರ ದನಿ ನಿಮಗೆ 29 ಮಿಲಿಸೆಕೆಂಡ್ ತಡವಾಗಿ ಕೇಳುತ್ತದೆ. ಅದನ್ನೇ ಕೇಳಿ ಹಿಂಬಾಲಿಸಿದರೆ ಹಾಡು ಎಳೆಯತೊಡಗುತ್ತದೆ. ಶ್ರುತಿಗೆ ಕಿವಿ, ಲಯಕ್ಕೆ ಕಣ್ಣು: ನಿರ್ದೇಶಕರ ಕೈ ನೋಡಿ ಹಾಡಬೇಕು.

ಕೊನೆಗೆ ಆ ಹುಡುಗಿ. ಅವಳನ್ನು ಬಿಡಬೇಡಿ, ಆದರೆ ಎಲ್ಲರೆದುರು ಏನನ್ನೂ ಕೇಳಲೂ ಬೇಡಿ. ಅವಳೊಬ್ಬಳ ಜೊತೆ ಪಿಯಾನೊ ಪಕ್ಕ ಹತ್ತು ನಿಮಿಷ ಕೂತು, ಅವಳ ದನಿ ಎಲ್ಲಿಂದ ಎಲ್ಲಿಯವರೆಗೆ ಹೋಗುತ್ತದೆ ಎಂದು ನಿರ್ದೇಶಕರು ನೋಡಲಿ. ಸೇರುವ ದಿನ ಆಲ್ಟೊ ಕಡಿಮೆಯಿದ್ದಾರೆಂದು ಅಲ್ಲಿ ನಿಲ್ಲಿಸಿದ ಸೊಪ್ರಾನೊ ಇರಬಹುದು ಅವಳು. ಇಂಥವರು ಕೆಳಗಿನ ಸ್ವರಗಳು ಸಿಗದೆ ತಮ್ಮ ದನಿಯೇ ಕೆಟ್ಟದ್ದೆಂದು ನಂಬಿಬಿಡುತ್ತಾರೆ. ಹಾಳೆ ಓದಲು ಬಾರದೆ ಕಿವಿಯಿಂದಲೇ ಕಲಿಯುತ್ತಿರಬಹುದು. ಹಾಗಿದ್ದರೆ ಅವಳ ಭಾಗವನ್ನಷ್ಟೇ ಹಾಡಿ ಫೋನಿನಲ್ಲಿ ಮುದ್ರಿಸಿ ಕೊಡಿ. ಅಥವಾ ಚಿಕ್ಕವಳಿದ್ದಾಗ ‘ನೀನು ಹಾಡಬೇಡ, ಸುಮ್ಮನೆ ನಿಂತಿರು’ ಎಂದು ಯಾರೋ ಹೇಳಿರಬಹುದು. ಆ ಮಾತು ಹೊತ್ತುಕೊಂಡು ಬಂದವರನ್ನು ನಾನು ಪ್ರತಿ ಕಾಯರ್‌ನಲ್ಲೂ ಕಂಡಿದ್ದೇನೆ. ಯಾವುದೇ ಕಾರಣವಿರಲಿ, ಹಾಡಿನ ಕಷ್ಟದ ಎರಡು ಸಾಲುಗಳಲ್ಲಿ ಸುಮ್ಮನಿರಲು ಅವಳಿಗೆ ಒಪ್ಪಿಗೆ ಕೊಡಿ, ಉಳಿದಲ್ಲಿ ಮೆಲ್ಲಗಾದರೂ ದನಿ ಹೊರಡಲಿ. ಸ್ಥಿರವಾದ ದನಿಯ, ಮೃದು ಸ್ವಭಾವದ ಹಳಬಳೊಬ್ಬಳನ್ನು ಅವಳ ಪಕ್ಕ ನಿಲ್ಲಿಸಿ, ಇಬ್ಬರೂ ಒಬ್ಬರ ಉಸಿರಿನ ಜಾಗವನ್ನು ಇನ್ನೊಬ್ಬರ ಹಾಳೆಯಲ್ಲಿ ಬರೆದುಕೊಳ್ಳಲಿ. ಆ ಹಳಬಳು ಯಾರು ಎಂಬುದನ್ನು ಮುಂದಿನ ಅಭ್ಯಾಸಕ್ಕೆ ಹೋಗುವ ಮುಂಚೆಯೇ ನೀವು ಗೊತ್ತುಮಾಡಿಕೊಂಡಿರಿ.